ಎಣ್ಣೆ ಉಗುಳುವವರೆಗೆ

ಸುಂದರಿಯಮ್ಮನ ಬಾಯಲ್ಲಿ ಎಣ್ಣೆ ಇರುವಷ್ಟು ಹೊತ್ತು ಆ ಮನೆಯಲ್ಲಿ ಅವರನ್ನು ಯಾರೂ ಏನೂ ಕೇಳುವಂತಿರಲಿಲ್ಲ. ಕೇಳಿದರೂ ಉತ್ತರ ಬರುತ್ತಿದ್ದುದು ಮೂಗಿನಿಂದ. ಒಮ್ಮೆ ‘ಹ್ಞೂಂ’ ಎಂದರೆ ಹೌದು, ಎರಡು ಸಲ ಎಂದರೆ ಬೇಡ, ಕೈ ಬೀಸಿದರೆ ಆಮೇಲೆ ನೋಡುವ ಎಂದರ್ಥ. ಗಂಡ ಚೆನ್ನಯ ತೀರಿಹೋದ ವರ್ಷ ಮುಂಬಯಿ ಹತ್ತಿರದ ಡೊಂಬಿವಲಿಯ ಕನ್ನಡ ಸಂಘವೊಂದರಲ್ಲಿ ಯಾರೋ ವೈದ್ಯರು ಬಂದು, ಎಣ್ಣೆ ಮುಕ್ಕಳಿಸಿದರೆ ಹಲ್ಲು ಗಟ್ಟಿ, ವಸಡು ಗಟ್ಟಿ, ಇಡೀ ದೇಹಕ್ಕೇ ಒಳ್ಳೆಯದು ಎಂದು ಭಾಷಣ ಮಾಡಿದ್ದರು. ಮರುದಿನವೇ ಸುಂದರಿಯಮ್ಮ ಎಲೆ, ಅಡಿಕೆ, ಹೊಗೆಸೊಪ್ಪು ಮೂರನ್ನೂ ಒಟ್ಟಿಗೆ ಬಿಟ್ಟು ಎಣ್ಣೆ ಹಿಡಿದವರು, ಆಮೇಲೆ ಒಂದು ಬೆಳಿಗ್ಗೆಯನ್ನೂ ತಪ್ಪಿಸಲಿಲ್ಲ. ಎಪ್ಪತ್ತರ ಹತ್ತಿರ ಬಂದರೂ ಅವರ ಒಂದು ಹಲ್ಲೂ ಅಲುಗಿರಲಿಲ್ಲ. ಠಾಕುರ್ಲಿಯ ಆ ಮೂರನೆಯ ಮಾಳಿಗೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಆ ಬೆಳಿಗ್ಗೆ ನಲ್ಲಿ ನೀರು ಬಂದಿತ್ತು. ಸೊಸೆ ರಮಿತಾ ಡ್ರಮ್ಮಿಗೆ ಪೈಪು ಇಳಿಸಿ, ಒಂದು ಒಲೆಯಲ್ಲಿ ಇಡ್ಲಿ ಇಟ್ಟು, ಇನ್ನೊಂದರಲ್ಲಿ ಮಗಳ ಡಬ್ಬಿಗೆ ಚಪಾತಿ ಬೇಯಿಸುತ್ತಿದ್ದಳು. ಅತ್ತೆ ಕಿಟಕಿಯ ಗ್ರಿಲ್ಲಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೆನ್ನೆ ಆಡಿಸುತ್ತಿದ್ದರು. ಫೋನ್ ಬಂತು.

“ರಮಿತಾನಾ? ಸುಂದರಕ್ಕನಿಗೆ ಕೊಡು ಮಾರಾಯ್ತಿ, ಅರ್ಜೆಂಟ್ ಉಂಟು.” ಕೋಪರಖೈರಣೆಯ ಸತ್ಯಮ್ಮ. ಭಜನಾ ಮಂಡಳಿಯಲ್ಲಿ ಅತ್ತೆಯ ಜೊತೆಗಾತಿ. ಭಜನೆಗಿಂತ ಹೆಚ್ಚು ಸಂಬಂಧ ಕುದುರಿಸುವುದರಲ್ಲಿ ಹೆಸರಾದವರು.

“ಅತ್ತೆ ಎಣ್ಣೆಯಲ್ಲಿದ್ದಾರೆ, ಸತ್ಯಮ್ಮಕ್ಕ.”

ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ ಪ್ರಣೀತಾ ಗೊಳ್ಳೆಂದು ನಕ್ಕಳು. “ಮಮ್ಮಿ, ಹಾಗೆ ಹೇಳ್ಬೇಡ! ಬೆಂಗಳೂರಿನವರು ಕೇಳಿದ್ರೆ ಅಜ್ಜಿ ಸುಬಹ್ ಸುಬಹ್ ಬಾಟ್ಲಿ ತೆಗೆದಿದ್ದಾರೆ ಅಂತ ತಿಳ್ಕೊಳ್ತಾರೆ.”

“ನಿನ್ನ ವಿಷಯವೇ ಇರಬೇಕು, ಬಾಯಿ ಮುಚ್ಚು,” ಎಂದಳು ರಮಿತಾ. ಹೌದು, ಅದೇ ವಿಷಯ. ನೆರೂಳಿನ ಜಯಶೀಲರ ಮನೆಯವರು ಫೋಟೋ ನೋಡಿ ಒಪ್ಪಿದ್ದರು. ಸ್ಟೇಷನ್ನಿನ ಹತ್ತಿರ ಅವರದೊಂದು ಚಿಕ್ಕ ಹೋಟೆಲು. ಮಗ ಸುಜನ್ ಬೇಲಾಪುರದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ. ಹುಡುಗ ಹುಡುಗಿ ವಾಶಿಯಲ್ಲಿ ಒಮ್ಮೆ ಕಾಫಿಗೆ ಕೂತು ಮಾತಾಡಿಯೂ ಆಗಿತ್ತು. ಅಂದು ಐರೋಲಿಯ ಆಫೀಸಿನಿಂದ ತಡವಾಗಿ ಬಂದ ಪ್ರಣೀತಾ “ಠೀಕ್ ಹೈ, ಮಾತಾಡ್ಲಿಕ್ಕೆ ಬರ್ತದೆ ಅವನಿಗೆ” ಎಂದಿದ್ದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು. ಈಗ ಹುಡುಗಿಯ ಕಡೆಯವರು ಮನೆ ನೋಡಲು ನೆರೂಳಿಗೆ ಹೋಗಬೇಕು. ಅದೊಂದಾದರೆ ನಿಶ್ಚಯದ ದಿನ.

“ಸುಂದರಕ್ಕನ ವಿಡಿಯೊ ಆ ಹುಡುಗನ ತಾಯಿಗೆ ನಾನೇ ಕಳಿಸಿದ್ದು,” ಸತ್ಯಮ್ಮನ ದನಿ ಅಡುಗೆಮನೆಗೆಲ್ಲ ಕೇಳುತ್ತಿತ್ತು. “ಈ ವಯಸ್ಸಲ್ಲಿ ಇಂಥ ಹಲ್ಲು! ಮನೆತನ ಎಷ್ಟು ಆರೋಗ್ಯದ್ದು ಅಂತ ಅವರಿಗೂ ಗೊತ್ತಾಗ್ಲಿ.”

ಪ್ರಣೀತಾ ತಮಾಷೆಗೆ ತೆಗೆದ ವಿಡಿಯೊ ಅದು. ಒಂದು ಚಮಚ ಎಣ್ಣೆ, ಖಾಲಿ ಹೊಟ್ಟೆ, ನುಂಗಬಾರದು ಎಂದೆಲ್ಲ ಹೇಳಿ ಅಜ್ಜಿ ಕೊನೆಗೆ ಹಲ್ಲು ಬಿಟ್ಟು ನಕ್ಕಿದ್ದರು. ಮಂಡಳಿಯ ಗುಂಪಿನಲ್ಲಿ ಹಾಕಿದ್ದು ಎಲ್ಲೆಲ್ಲೋ ಹೋಗಿತ್ತು.

ರಮಿತಾ ಫೋನ್ ಇಟ್ಟು ಅತ್ತೆಯ ಕಡೆ ನೋಡಿದಳು. ಬೇರೆ ದಿನವಾಗಿದ್ದರೆ ಇಂಥ ಸುದ್ದಿಗೆ ಅವರು ಓಡಿಹೋಗಿ ಉಗುಳಿ ಬಂದು, ಹುಡುಗನ ಅಜ್ಜಿಯ ತವರು ಯಾವುದು ಎಂಬಲ್ಲಿಂದ ಶುರು ಮಾಡುತ್ತಿದ್ದರು. ಇಂದು ಕಣ್ಣು ಮಾತ್ರ ಅರಳಿತು. ಒಂದು ‘ಹ್ಞೂಂ’ ಬಂತು. ಕೆನ್ನೆ ಆಡಿಸುವುದು ನಿಲ್ಲಲಿಲ್ಲ. ಇಡ್ಲಿ ಇಳಿಸಿ, ಡಬ್ಬಿ ತುಂಬಿ, ನೀರು ನಿಂತು ಪೈಪು ಸುತ್ತಿಡುವವರೆಗೂ ಅವರು ಹಾಗೆಯೇ ಕೂತಿದ್ದರು.

ಅತ್ತೆ ಉಗುಳುತ್ತಿದ್ದುದು ಖಾಲಿ ಹಾಲಿನ ಚೀಲದಲ್ಲಿ. ಮೊದಲ ಚಳಿಗಾಲ ತೆಂಗಿನೆಣ್ಣೆ ಹಿಡಿದು ಬೇಸಿನ್ನಿಗೆ ಉಗುಳಿ, ಪೈಪಿನಲ್ಲಿ ಎಣ್ಣೆ ಗಟ್ಟಿಯಾಗಿ, ಕೆಳಗಿನ ಮನೆಯವರ ಗೋಡೆಗೆ ನೀರು ಇಳಿದು ದೊಡ್ಡ ರಾಮಾಯಣವಾಗಿತ್ತು. ಅಲ್ಲಿಂದ ಎಳ್ಳೆಣ್ಣೆ, ಹಾಲಿನ ಚೀಲ. ಚೀಲದ ಬಾಯಿಗೆ ಗಂಟು ಹಾಕಿ ಕಸದ ಬುಟ್ಟಿಗೆ ಹಾಕುವುದು ಅವರದೇ ಕೆಲಸ. ಅಂದು ಗಂಟು ಸರಿಯಾಗಿ ಬಿದ್ದಿರಲಿಲ್ಲ. ಬುಟ್ಟಿ ಹೊರಗಿಡಲು ಹೋದ ರಮಿತಾಳ ಕಣ್ಣಿಗೆ ಬಿಳಿ ನೊರೆಯ ನಡುವೆ ದಾರದೆಳೆಯಂಥ ಒಂದು ಕೆಂಪು ಕಂಡಿತು.

ಅವಳು ಬುಟ್ಟಿಯನ್ನು ಬಾಗಿಲ ಹೊರಗಿಟ್ಟು ಕೈ ತೊಳೆದಳು. ಮತ್ತೆ ಒಮ್ಮೆ ತೊಳೆದಳು.

ಆಮೇಲೆ ಊಟದ ಹೊತ್ತಿನಲ್ಲಿ ಅವಳು ತನ್ನ ತಟ್ಟೆ ನೋಡುವುದನ್ನು ಬಿಟ್ಟಳು. ಅತ್ತೆ ಎಡಗಡೆಯಿಂದ ಅಗಿಯುತ್ತಿಲ್ಲ. ಚಹಾ ಆರಿದ ಮೇಲೆ ಕುಡಿಯುತ್ತಾರೆ. ಉಪ್ಪಿನಕಾಯಿ ಭರಣಿ ಅವರ ಕಡೆ ಹೋಗುತ್ತಿಲ್ಲ. ಎಣ್ಣೆ ಬೆಳಿಗ್ಗೆಗೆ ಮಾತ್ರ ಇದ್ದದ್ದು ಈಗ ಮಧ್ಯಾಹ್ನವೂ ಒಮ್ಮೆ.

ಭಾನುವಾರ ಕೋರಿ ರೊಟ್ಟಿ. ಮಗ ದಯಾನಂದ ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ವಾರದಲ್ಲಿ ಆ ಒಂದು ಹೊತ್ತು ಮಾತ್ರ ಮನೆಯವರೊಂದಿಗೆ ಕೂತು ಉಣ್ಣುವವನು. ಗರಿಗರಿ ರೊಟ್ಟಿಯ ಮೇಲೆ ಕೋಳಿ ಸಾರು ಸುರಿದ ಕೂಡಲೇ, ಮೆತ್ತಗಾಗುವ ಮೊದಲು ತಿನ್ನಬೇಕು ಎನ್ನುವುದು ಸುಂದರಿಯಮ್ಮನದೇ ಶಾಸನ. ಈಗ ಅವರ ತಟ್ಟೆಯಲ್ಲಿ ರೊಟ್ಟಿ ನೆನೆನೆನೆದು ಗಂಜಿಯಾಗಿತ್ತು.

“ಅಜ್ಜಿ, ಇದೆಂತ ಖಿಚಡಿ ಮಾಡಿದ್ದೀರಿ?” ಪ್ರಣೀತಾ ಬಗ್ಗಿ ನೋಡಿದಳು.

“ನನ್ನ ತಟ್ಟೆ, ನನ್ನ ಖಿಚಡಿ. ಸಾರಿಗೆ ಖಾರ ಜಾಸ್ತಿಯಾಗಿದೆ.”

“ಯಾವಾಗಿನ ಹಾಗೇ ಉಂಟಲ್ಲಮ್ಮ,” ಎಂದ ದಯಾನಂದ.

“ನಿನ್ನ ಹೆಂಡತಿ ಮಾಡಿದ್ದು ನಿನಗೆ ಯಾವಾಗಲೂ ಸರಿಯೇ.”

“ಅಜ್ಜಿ, ಏಕ್ ಬಾರ್ ಡೆಂಟಿಸ್ಟ್‌ಕೋ ದಿಖಾವೋ ನಾ,” ಎಂದಳು ಪ್ರಣೀತಾ. “ಕೆಳಗೇ ಇದ್ದಾರೆ, ಲಿಫ್ಟ್ ಇಳಿದ್ರೆ ಆಯ್ತು.”

“ನಿನ್ನ ಬಾಯಲ್ಲಿ ನಾಲ್ಕು ಕಡೆ ಸಿಮೆಂಟು. ನನ್ನ ಬಾಯಲ್ಲಿ ಒಂದೂ ಇಲ್ಲ. ಯಾರು ಯಾರಿಗೆ ಡಾಕ್ಟ್ರನ್ನು ತೋರಿಸುದು ಮಗಾ?”

ದಯಾನಂದ ನಕ್ಕ. ರಮಿತಾ ನಗಲಿಲ್ಲ. “ಪ್ರಣೀ ಹೇಳುದು ತಪ್ಪೇನಿಲ್ಲ. ಒಮ್ಮೆ ತೋರಿಸಿದ್ರೆ ಎಂತ ಹೋಗ್ತದೆ?”

ದಯಾನಂದನ ನಗು ನಿಂತಿತು. “ಆ ಎಣ್ಣೆಯಿಂದಲೇ ಅಮ್ಮ ಇಷ್ಟು ವರ್ಷ ಗಟ್ಟಿಮುಟ್ಟಾಗಿ ಇದ್ದದ್ದು. ಆಸ್ಪತ್ರೆ ಮೆಟ್ಟಿಲು ಹತ್ತಿಸಿದ್ರೆ ಇಲ್ಲದ್ದನ್ನೆಲ್ಲ ಹುಡುಕಿ ಕೊಡ್ತಾರೆ. ನೀವಿಬ್ಬರೂ ಊಟ ಮಾಡಿ ಸುಮ್ಮನೆ.”

ರಮಿತಾ ತಟ್ಟೆ ತೆಗೆಯುವಾಗ ಅತ್ತೆಯ ತಟ್ಟೆಯಲ್ಲಿ ಕೋಳಿಯ ತುಂಡುಗಳು ಹಾಗೆಯೇ ಉಳಿದಿದ್ದವು.

ಆ ವಾರ ಒಂದು ಮಧ್ಯಾಹ್ನ ಮನೆಯಲ್ಲಿ ಇಬ್ಬರೇ ಇದ್ದರು. ರಮಿತಾ ಮಾರ್ಕೆಟ್ಟಿನಿಂದ ಬಂಗುಡೆ ತಂದಿದ್ದಳು. ಪೇಪರು ಹಾಸಿ, ಈಳಿಗೆಮಣೆ ಇಟ್ಟು, ಅಡುಗೆಮನೆಗೆ ಹೋಗದೆ ಸೀದಾ ಅತ್ತೆಯ ಎದುರಿಗೇ ನೆಲದ ಮೇಲೆ ಕೂತಳು.

“ಅತ್ತೆ, ನಿಮ್ಮ ಬಾಯಲ್ಲಿ ಎಂತ ಆಗಿದೆ?”

ಸುಂದರಿಯಮ್ಮ ಸೊಸೆಯ ಮುಖ ನೋಡಿದರು. ಎದ್ದು ಹೋಗಿ ಎಣ್ಣೆ ಬಾಟಲಿ ತೆಗೆದು, ಚಮಚಕ್ಕೆ ಸುರಿದು, ಬಾಯಿಗೆ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ಕೈ ಬೀಸಿದರು. ಆಮೇಲೆ.

“ಆಯ್ತು. ಎಷ್ಟು ಹೊತ್ತು ಹಿಡೀತೀರಿ ಹಿಡೀರಿ,” ಎಂದಳು ರಮಿತಾ. “ನನಗೂ ಮೀನು ಮುಗೀಬೇಕಲ್ಲ.”

ಒಂದು ಬಂಗುಡೆಯ ತಲೆ ತೆಗೆದು, ಹೊಟ್ಟೆ ಸೀಳಿ ಪಾತ್ರೆಗೆ ಹಾಕಿದಳು. ಇನ್ನೊಂದು. ಕಿಟಕಿಯ ಹೊರಗೆ ಒಂದು ಲೋಕಲ್ ಕಲ್ಯಾಣದ ಕಡೆ ಹೋಯಿತು, ಇನ್ನೊಂದು ಮುಂಬಯಿಯ ಕಡೆ. ಅತ್ತೆಯ ಕೆನ್ನೆ ಮೊದಲು ಆಡಿತು, ಆಮೇಲೆ ನಿಂತಿತು. ಎಣ್ಣೆ ಬಾಯಲ್ಲಿ ಉಗುಳಿನೊಂದಿಗೆ ಸೇರಿ ಹೆಚ್ಚಾಗುತ್ತ ಹೋಗುತ್ತದೆ ಎನ್ನುವುದು ರಮಿತಾಳಿಗೆ ಗೊತ್ತಿತ್ತು. ಕಣ್ಣಲ್ಲಿ ನೀರು ಬಂತು ಅವರಿಗೆ. ಮೀನು ಮುಗಿಯಿತು. ರಮಿತಾ ಏಳಲಿಲ್ಲ. ಶುದ್ಧವಾಗಿದ್ದ ಮೀನನ್ನೇ ಮತ್ತೆ ತಿರುಗಿಸಿ ನೋಡುತ್ತ ಕೂತಳು.

ಕೊನೆಗೆ ಅತ್ತೆ ಬಗ್ಗಿ ಹಾಲಿನ ಚೀಲ ಎತ್ತಿಕೊಂಡರು. ಉಗುಳಿದ ಮೇಲೆ ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ.

“ಪತ್ತೇದಾರಿಕೆ ಮಾಡ್ಲಿಕ್ಕೆ ಎಲ್ಲಿ ಕಲಿತೆ ನೀನು?”

“ಇದೇ ಮನೆಯಲ್ಲಿ. ಹೇಳಿ.”

“ಹುಣ್ಣು. ಕೆನ್ನೆಯ ಒಳಗೆ, ಮೊದಲು ಹೊಗೆಸೊಪ್ಪು ಒತ್ತಿಡ್ತಿದ್ದ ಜಾಗದಲ್ಲೇ. ಮಳೆಗಾಲದಿಂದ ಉಂಟು.”

“ಮಳೆಗಾಲದಿಂದ!” ರಮಿತಾಳ ಕೈಯಲ್ಲಿದ್ದ ಮೀನು ಪಾತ್ರೆಗೆ ಬಿತ್ತು. “ಎಣ್ಣೆಯಿಂದ ಗುಣ ಆಗ್ತದೆ ಅಂತ ಕೂತಿದ್ದೀರಾ ಇಷ್ಟು ದಿನ?”

“ನನ್ನನ್ನು ಅಷ್ಟು ದಡ್ಡಿ ಮಾಡ್ಬೇಡ,” ಸುಂದರಿಯಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡರು. “ನಿನ್ನ ಮಾವನ ಬಾಯಲ್ಲಿ ಶುರುವಾದದ್ದೂ ಹೀಗೇ. ಅದು ಎಂತ ಅಂತ ಈ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತುಂಟು?”

ರಮಿತಾ ಈಳಿಗೆಮಣೆಯನ್ನು ಪಕ್ಕಕ್ಕೆ ಸರಿಸಿದಳು.

“ಅವರಿಗೆ ಆ ರೋಗ ಅಂತ ಊರಿಡೀ ಆದಾಗ ದಯಾನ ತಂಗಿಗೆ ಕೂಡಿಬಂದ ಸಂಬಂಧ ತಪ್ಪಿಹೋಯ್ತು. ‘ಮನೆಯಲ್ಲಿ ಅದು ಉಂಟಂತೆ’ ಅಂದರಂತೆ. ಒಂದೇ ಮಾತು. ಆಮೇಲೆ ಆ ಹುಡುಗಿಗೆ ಎಂಥ ಮದುವೆ ಆಯ್ತು, ನೀನೇ ಕಂಡಿದ್ದಿ. ಈಗ ಅಜ್ಜನಿಗೆ ಮಾತ್ರ ಅಲ್ಲ, ಅಜ್ಜಿಗೂ ಅಂತ ಆದರೆ?” ಅವರು ಮುಂದೆ ಬಾಗಿ ದನಿ ತಗ್ಗಿಸಿದರು. “ಪ್ರಣೀತಾಳ ನಿಶ್ಚಯ ಒಂದು ಆಗ್ಲಿ. ಆಮೇಲೆ ನೀನು ಎಲ್ಲಿಗೆ ಕರ್ಕೊಂಡು ಹೋಗ್ತೀಯೋ ಬರ್ತೇನೆ. ಅಲ್ಲಿಯವರೆಗೆ ಯಾರ ಹತ್ತಿರವೂ ಹೇಳ್ಬೇಡ.”

“ಅಲ್ಲಿಯವರೆಗೆ ಅದು ಬೆಳೆದರೆ?”

“ನಾನು ಬೆಳೆಯುವ ಹುಡುಗಿಯಾ? ಅದು ಬೆಳೆದರೂ ಎಷ್ಟು ಬೆಳೀತದೆ?” ಎಂದು ಸುಂದರಿಯಮ್ಮ ನಗಲು ನೋಡಿದರು. ನಗು ಎಡಗಡೆಗೆ ಹೋಗುವ ಮೊದಲೇ ನಿಂತಿತು.

“ಒಮ್ಮೆ ತೋರಿಸಿ ನನಗೆ.”

ಎರಡು ಸಲ ‘ಹ್ಞೂಂ’. ಬಾಯಲ್ಲಿ ಎಣ್ಣೆ ಇಲ್ಲದೆಯೂ.

ರಮಿತಾ ಮಾತು ಕೊಡಲಿಲ್ಲ. ಆದರೆ ಅಂದು ಸಂಜೆ ಯಾರಿಗೂ ಏನೂ ಹೇಳಲೂ ಇಲ್ಲ. ಮಗಳು ಫೋನಿನಲ್ಲಿ ಸುಜನ್‌ನೊಂದಿಗೆ ಮರಾಠಿ, ಹಿಂದಿ, ಎರಡು ಮಾತು ಕನ್ನಡ ಸೇರಿಸಿ ನಗುವುದನ್ನು ಕೇಳುತ್ತ ಬಂಗುಡೆ ಹುರಿದಳು. ಒಂದು ಬದಿ ಸೀದುಹೋಯಿತು.

ನೆರೂಳಿಗೆ ಹೋಗುವ ದಿನ ಬೇಗ ಬಂದುಬಿಟ್ಟರೆ ಸಾಕು ಎಂದು ಅವಳು ಕಾದಳು. ಬರಲಿಲ್ಲ. ಸತ್ಯಮ್ಮ ಫೋನ್ ಮಾಡಿ, ಹುಡುಗನ ತಾಯಿ ಜಯಲತಾಗೆ ಹುಷಾರಿಲ್ಲ, ಮುಂದಿನ ವಾರ ನೋಡುವ ಎಂದರು. ಮುಂದಿನ ವಾರ, ಇನ್ನೂ ಸ್ವಲ್ಪ ಕಾಯುವ ಎಂದರು. ಒಂದೊಂದು ಬಾರಿ ದಿನ ಮುಂದೆ ಹೋದಾಗಲೂ ರಮಿತಾ ಅತ್ತೆಯ ಕಡೆ ನೋಡುತ್ತಿದ್ದಳು. ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದರು. ಪೇಟೆಯಿಂದ ಗಾಣದ ಎಣ್ಣೆಯ ಬಾಟಲಿ ಬೇಗ ಬೇಗ ಬರತೊಡಗಿತು. ರವಿಕೆಯ ತೋಳು ಸಡಿಲವಾಗಿ, ಅವರೇ ಕೂತು ಒಳಗಿನಿಂದ ಹೊಲಿಗೆ ಹಾಕಿಕೊಂಡರು.

ಇನ್ನು ಆಗುವುದಿಲ್ಲ ಅನ್ನಿಸಿದ ಬೆಳಿಗ್ಗೆ, ದಯಾನಂದ ಬೂಟಿನ ಲೇಸು ಕಟ್ಟುವ ಹೊತ್ತಿಗೆ ಅವಳು ಬಾಗಿಲಿಗೆ ಅಡ್ಡ ನಿಂತಳು. ಅತ್ತೆ ಸ್ನಾನಕ್ಕೆ ಹೋಗಿದ್ದರು.

“ನೋಡಿ, ಅತ್ತೆಯ ಬಾಯಲ್ಲಿ ಹುಣ್ಣುಂಟು. ತಿಂಗಳುಗಟ್ಟಲೆ ಆಯ್ತು. ರಕ್ತ ಬರ್ತದೆ.”

“ಎಣ್ಣೆ ಹಿಡೀತಾರಲ್ಲ, ವಾಸಿ ಆಗ್ತದೆ.” ಅವನು ತಲೆ ಎತ್ತಲಿಲ್ಲ.

“ಒಮ್ಮೆ ಬಾಯಿ ತೆಗೆಸಿ ನೋಡಿ ನೀವು.”

“ಏನೂ ಇರುದಿಲ್ಲ.”

“ನೋಡದೆ ಹೇಗೆ ಗೊತ್ತು ನಿಮಗೆ?”

“ಸಾಕಷ್ಟು ನೋಡಿದ್ದೇನೆ ನಾನು!” ಅವನ ದನಿ ಇದ್ದಕ್ಕಿದ್ದಂತೆ ಏರಿತು. “ಅಪ್ಪನ ಬಾಯಿ ದಿನಕ್ಕೆ ಎಷ್ಟು ಸಲ ತೊಳೀತಿದ್ದೆ ಗೊತ್ತುಂಟಾ? ನೀನು ಹೊಸ್ತಿಲ ಹತ್ತಿರ ನಿಂತು ಮೂಗು ಮುಚ್ಚಿಕೊಳ್ತಿದ್ದಿ. ನಾನು ಮಾಡಿದ್ದು. ಆ ನಂತರ ಅಮ್ಮ ಎಣ್ಣೆ ಹಿಡಿದದ್ದೇ ಅದು ಈ ಮನೆಗೆ ಮತ್ತೆ ಬರ್ಬಾರ್ದು ಅಂತ. ಬರುದಿಲ್ಲ. ಆ ವಿಷಯ ಇನ್ನು ಎತ್ಬೇಡ.”

ಬಾತ್‌ರೂಮಿನ ಒಳಗೆ ನೀರಿನ ಸದ್ದು ನಿಂತಿತ್ತು. ಅವನು ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟು ಮೆಟ್ಟಿಲಿಳಿದ. ಲಿಫ್ಟಿಗೂ ಕಾಯಲಿಲ್ಲ.

ಅಂದು ರಮಿತಾ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದಳು. ವಾಶಿಯ ಆಸ್ಪತ್ರೆಯೊಂದಕ್ಕೆ ಫೋನ್ ಹಚ್ಚಿ ಅತ್ತೆಯ ಹೆಸರು ಬರೆಸಿದಳು. ದಿನ ಸಿಕ್ಕಿದ್ದು ಒಂದು ಸೋಮವಾರ. ಸಂಜೆ ಸತ್ಯಮ್ಮನ ಫೋನ್ ಬಂತು. ಅದರ ಹಿಂದಿನ ದಿನ, ಭಾನುವಾರ, ನೆರೂಳಿಗೆ ಬನ್ನಿ ಎಂದು. ರಮಿತಾ ಗೋಡೆಗೆ ಒರಗಿ ನಿಂತಳು. ಭಾನುವಾರ ಹೇಗೋ ದಾಟಿದರೆ ಸಾಕು, ಸೋಮವಾರ ಎಳೆದುಕೊಂಡಾದರೂ ಹೋಗುವುದು. ಅತ್ತೆಗೆ ಹಾಗೆಯೇ ಹೇಳಿದಳು. ಅತ್ತೆ ಕೈ ಬೀಸಿದರು.

ಭಾನುವಾರ ಠಾಕುರ್ಲಿಯಿಂದ ಸ್ಲೋ ಲೋಕಲ್ ಹಿಡಿದು ಠಾಣೆಯಲ್ಲಿ ಇಳಿದು, ಅಲ್ಲಿಂದ ನೆರೂಳಿನ ಗಾಡಿ. ಸುಂದರಿಯಮ್ಮ ಮೈಸೂರು ಸಿಲ್ಕ್ ಉಟ್ಟು ಮಡಿಲಲ್ಲಿ ಹಣ್ಣಿನ ಚೀಲ ಇಟ್ಟುಕೊಂಡು ಕೂತಿದ್ದರು. ಬಾಯಿಯಿಂದ ಲವಂಗದ ವಾಸನೆ ಬರುತ್ತಿತ್ತು. ಪ್ರಣೀತಾ ಅಜ್ಜಿಯ ಭುಜಕ್ಕೆ ತಲೆ ಆನಿಸಿ ಫೋನ್ ನೋಡುತ್ತಿದ್ದಳು. ದಯಾನಂದ ಬಾಗಿಲಲ್ಲಿ ನಿಂತೇ ಬಂದ.

ಜಯಶೀಲರ ಮನೆ ದೊಡ್ಡದೇನಲ್ಲ, ಆದರೆ ಬೆಳಕಿತ್ತು. ಅವರು ಮಾತಿನ ಮನುಷ್ಯ. ಸರ್ಕಾರಿ ನಿಗಮ ಸಿಡ್ಕೋದವರು ಈ ಸೆಕ್ಟರು ಕಟ್ಟಿದಾಗ ಹೇಗಿತ್ತು, ತಾನು ಮೊದಲು ತಟ್ಟೆ ತೊಳೆದದ್ದು ಎಲ್ಲಿ ಎಂಬುದರಿಂದ ಹಿಡಿದು ದಯಾನಂದನ ಹೋಟೆಲಿನ ಸಾಂಬಾರಿನವರೆಗೆ ಬಂದರು. ಇಬ್ಬರೂ ಹೋಟೆಲಿನವರಾದ್ದರಿಂದ ಬೇಗ ಹೊಂದಿಕೆಯಾಯಿತು. ಸುಜನ್ ಚಹಾದ ತಟ್ಟೆ ತಂದಿಟ್ಟ. ಶೀರಾ, ಗೋಳಿಬಜೆ, ಚಕ್ಕುಲಿ. ಸುಂದರಿಯಮ್ಮ ಶೀರಾ ಮಾತ್ರ ತೆಗೆದುಕೊಂಡರು.

ಜಯಲತಾ ಬಂದು ಅವರ ಪಕ್ಕದಲ್ಲೇ ಕೂತು ಕೈ ಹಿಡಿದುಕೊಂಡರು. ಸ್ವಲ್ಪ ತೊದಲಿ ಮಾತಾಡುವ ಹೆಂಗಸು.

“ನಿಮ್ಮನ್ನು ನೋಡ್ಬೇಕು ಅಂತ ಎಷ್ಟು ಆಸೆ ಇತ್ತು ಸುಂದರಕ್ಕ. ನಿಮ್ಮ ವಿಡಿಯೊ ನನಗೆ ಬಾಯಿಪಾಠ. ನಾನೂ ಶುರು ಮಾಡಿದ್ದೇನೆ.”

“ಒಳ್ಳೇದು,” ಎಂದರು ಸುಂದರಿಯಮ್ಮ.

“ನಾಲಿಗೆಯ ಬದಿಯಲ್ಲಿ ಒಂದು ಹುಣ್ಣು, ಹೋಗುದೇ ಇಲ್ಲ. ನೀವು ಬರುದನ್ನು ಮುಂದೆ ಮುಂದೆ ಹಾಕಿದ್ದೂ ಅದಕ್ಕೇ, ಮಾತಾಡ್ಲಿಕ್ಕೆ ಆಗ್ತಿರಲಿಲ್ಲ. ಡಾಕ್ಟ್ರ ಹತ್ರ ಹೋಗುವ ಅಂತ ಸುಜನ್‌ದು ಒಂದೇ ಗಲಾಟೆ. ಇವರಿಗೂ ನನಗೂ ಮನಸ್ಸಿಲ್ಲ. ನಾನು ಹೇಳಿದೆ, ಸುಂದರಕ್ಕನ ಬಾಯಿ ನೋಡು, ಅವರು ಯಾವ ಡಾಕ್ಟ್ರ ಹತ್ರ ಹೋಗಿದ್ದಾರೆ ಅಂತ.” ಜಯಲತಾ ಅವರ ಕೈ ಒತ್ತಿದರು. “ಗುಣ ಆಗ್ತದಲ್ಲ ಅಕ್ಕಾ?”

“ಆಗ್ತದೆ, ಆಗ್ತದೆ,” ಅತ್ತ ಕಡೆಯಿಂದ ದಯಾನಂದ ಹೇಳಿದ. “ಅಮ್ಮನನ್ನೇ ನೋಡಿ.”

ಎಲ್ಲರೂ ನೋಡಿದರು. ರಮಿತಾ ಚಹಾದ ಲೋಟವನ್ನು ತಟ್ಟೆಯ ಮೇಲೆ ಇಟ್ಟಳು. ಅದು ಸದ್ದು ಮಾಡಿತು. ಅತ್ತೆ ಒಂದು ಮಾತು, ‘ಹೌದು’ ಅಂದರೆ ಸಾಕು, ಸಂಬಂಧ ಗಟ್ಟಿ. ಏನೂ ಅನ್ನದೆ ನಕ್ಕರೂ ಸಾಕು. ತಾನೇ ಬಾಯಿ ಬಿಡಬೇಕು ಎಂದು ಅವಳು ನಾಲಿಗೆಯ ತುದಿಗೆ ತಂದ ಮಾತು ಪ್ರಣೀತಾಳ ಮುಖ ನೋಡಿ ಅಲ್ಲೇ ಉಳಿಯಿತು.

“ಎಷ್ಟು ಸಮಯ ಆಯ್ತು?” ಸುಂದರಿಯಮ್ಮ ಕೇಳಿದರು.

“ದೀಪಾವಳಿಗೆ ಮೊದಲೇ ಇತ್ತು.”

“ಎಲೆ ಅಡಿಕೆ ಉಂಟಾ ನಿಮಗೆ?”

“ಊಟ ಆದ ಮೇಲೆ ಸ್ವಲ್ಪ…”

ಸುಂದರಿಯಮ್ಮ ಶೀರಾದ ತಟ್ಟೆಯನ್ನು ಕೆಳಗಿಟ್ಟರು. ಜಯಲತಾರ ಕಡೆಗೆ ಪೂರ್ತಿ ತಿರುಗಿ ಕೂತರು. ರಮಿತಾಳಿಗೆ ಕಂಡದ್ದು ಅತ್ತೆಯ ಬೆನ್ನು, ಕೊರಳ ಹಿಂದೆ ಇಳಿದ ಸಣ್ಣ ಜಡೆ, ಮೇಲೆ ಹೋದ ಬಲಗೈ. ಅವರು ಬೆರಳಿನಿಂದ ಕೆನ್ನೆಯನ್ನು ಹೊರಗೆಳೆದು ಬಾಯಿ ಅಗಲಿಸಿದರು. ಬಾಯಿಯ ಒಳಗನ್ನು ರಮಿತಾ ಕಾಣಲಿಲ್ಲ, ಜಯಲತಾರ ಮುಖವನ್ನು ಕಂಡಳು. ಅದು ಮೊದಲು ನಗುತ್ತಲೇ ಇತ್ತು, ಏನು ತೋರಿಸುತ್ತಿದ್ದಾರೆ ಎಂದು ಗೊತ್ತಾಗದೆ. ಆಮೇಲೆ ಬಾಯಿ ಸ್ವಲ್ಪ ತೆರೆಯಿತು. ಹಿಡಿದ ಕೈ ಸಡಿಲಾಯಿತು.

“ನೋಡಿದಿರಾ?” ಸುಂದರಿಯಮ್ಮ ಬಾಯಿ ಮುಚ್ಚಿ ಸೆರಗಿನಿಂದ ಒರೆಸಿಕೊಂಡರು. “ಎಣ್ಣೆ ಹಲ್ಲಿಗೆ ಒಳ್ಳೆದು. ಅದರಲ್ಲಿ ಸುಳ್ಳಿಲ್ಲ. ಇದಕ್ಕೆ ಅದು ಮದ್ದಲ್ಲ. ನಾನು ಈಗ ಹಿಡೀತಿದ್ದದ್ದು ಗುಣ ಆಗ್ಲಿಕ್ಕೂ ಅಲ್ಲ. ಬಾಯಲ್ಲಿ ಎಣ್ಣೆ ಇದ್ದರೆ ಯಾರೂ ಎಂತದೂ ಕೇಳುದಿಲ್ಲ, ಅದಕ್ಕೆ. ನಿಮ್ಮದು ಇದೇ ಅಂತ ನಾನು ಹೇಳುದಿಲ್ಲ. ಆದರೆ ನನ್ನ ಮುಖ ನೋಡಿ ಕೂತ್ಕೊಳ್ಬೇಡಿ. ಮಗ ಹೇಳಿದ ಹಾಗೆ ಕೇಳಿ.”

“ಅಮ್ಮಾ!” ದಯಾನಂದ ಎದ್ದು ನಿಂತಿದ್ದ.

“ನನ್ನ ಗಂಡ ಹೋದದ್ದೂ ಇದರಿಂದಲೇ,” ಎಂದು ಅವರು ಜಯಶೀಲರ ಕಡೆ ತಿರುಗಿ ಹೇಳಿದರು. “ಸತ್ಯಮ್ಮ ನಿಮಗೆ ಹೇಳಿರ್ಲಿಕ್ಕಿಲ್ಲ. ಹುಡುಗಿ ಚಿನ್ನದಂಥವಳು. ಅಷ್ಟು ತಿಳ್ಕೊಂಡು ಯೋಚನೆ ಮಾಡಿ.”

ಇಷ್ಟು ಹೊತ್ತು ಮಾತು ನಿಲ್ಲಿಸದ ಜಯಶೀಲರು ಕಿಟಕಿಯ ಪರದೆಯನ್ನು ಸರಿಮಾಡಿದರು. “ಚಹಾ ತಣ್ಣಗಾಯ್ತು,” ಎಂದರು. ಕಳಿಸಿಕೊಡಲು ಬಾಗಿಲವರೆಗೆ ಬಂದಾಗ, “ನೋಡುವ. ಫೋನ್ ಮಾಡುವ,” ಎಂದರು.

ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಭಾನುವಾರದ ಜನ. ಎರಡು ಗಾಡಿ ಬಿಟ್ಟರೂ ಹತ್ತಲಾಗಲಿಲ್ಲ. ದಯಾನಂದ ತಡೆದುಕೊಂಡದ್ದು ಅಲ್ಲಿಯವರೆಗೆ.

“ಯಾರು ಕೇಳಿದ್ರು ಅಮ್ಮ ನಿನ್ನನ್ನು? ಹೂಂ ಅಂದಿದ್ರೆ ಸಾಕಿತ್ತಲ್ಲ! ಅವಳ ಜೀವನ…”

“ಆ ಹೆಂಗಸಿನ ಜೀವ ಯಾರದು ಮತ್ತೆ?” ಎಂದರು ಸುಂದರಿಯಮ್ಮ.

“ಚುಪ್! ಸಬ್ ಚುಪ್!” ಪ್ರಣೀತಾ ಕೂಗಿದಳು. ಪಕ್ಕದ ಮೀನಿನ ಬುಟ್ಟಿಯ ಹೆಂಗಸು ತಿರುಗಿ ನೋಡಿದಳು. “ನನ್ನ ಮದುವೆಗೋಸ್ಕರ ಅದನ್ನು ಬಾಯಲ್ಲಿ ಇಟ್ಕೊಂಡು ಕೂತಿದ್ರಾ? ಆಪ್ ಲೋಗ್ ಪಾಗಲ್ ಹೋ ಕ್ಯಾ? ನಾನು ಕೇಳಿದ್ನಾ ಅಜ್ಜಿ? ಕೇಳಿದ್ನಾ?” ಅವಳು ಅಜ್ಜಿಯ ತೋಳಿಗೆ ಒಂದು ಹೊಡೆದಳು, ಹೊಡೆದ ತೋಳನ್ನೇ ತಬ್ಬಿಕೊಂಡಳು. ಆಮೇಲೆ ತಾಯಿಯ ಕಡೆ ತಿರುಗಿದಳು. “ನಿನಗೆ ಗೊತ್ತಿತ್ತು.”

“ಗೊತ್ತಿತ್ತು,” ಎಂದಳು ರಮಿತಾ.

“ಮತ್ತೆ?”

“ನಾಳೆಗೆ ಆಸ್ಪತ್ರೆಯಲ್ಲಿ ನಂಬರ್ ತಗೊಂಡಿದ್ದೇನೆ.”

“ನಾಳೆಗೆ!” ಎಂದು ಪ್ರಣೀತಾ ಅಳುತ್ತ ನಕ್ಕಳೋ ನಗುತ್ತ ಅತ್ತಳೋ, ಗಾಡಿಯ ಸದ್ದಿನಲ್ಲಿ ತಿಳಿಯಲಿಲ್ಲ. ದಯಾನಂದ ಅಮ್ಮನ ಮುಂದೆ ನಿಂತು ನೂಕುನುಗ್ಗಲಿಗೆ ಬೆನ್ನು ಕೊಟ್ಟು ಅವರನ್ನು ಗಾಡಿಗೆ ಹತ್ತಿಸಿದ.

ಮನೆ ತಲುಪಿ ಚಪ್ಪಲಿ ಬಿಡುವಷ್ಟರಲ್ಲಿ ರಮಿತಾಳ ಫೋನ್. ಜಯಲತಾ.

“ನಾಳೆ ನೀವು ಯಾವ ಆಸ್ಪತ್ರೆಗೆ ಅಂತ ಪ್ರಣೀತಾ ಸುಜನ್‌ಗೆ ಹೇಳಿದಳಂತೆ. ನಾನೂ ಅಲ್ಲಿಗೇ ಬರ್ತೇನೆ. ಒಬ್ಬಳೇ ಹೋಗ್ಲಿಕ್ಕೆ ಹೆದರಿಕೆ.” ಒಂದು ಉಸಿರಿನ ನಂತರ, “ಇವರು ಸಂಬಂಧದ ಬಗ್ಗೆ ಎಂತದೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ ರಮಿತಾ. ಈಗ ಅದನ್ನು ಕೇಳುವ ಹೊತ್ತಲ್ಲ.”

ಸೋಮವಾರ ವಾಶಿಯ ಆ ಆಸ್ಪತ್ರೆಯ ಉದ್ದ ಬೆಂಚಿನಲ್ಲಿ ಇಬ್ಬರು ಹೆಂಗಸರೂ ಪಕ್ಕಪಕ್ಕ ಕೂತಿದ್ದರು. ಜಯಲತಾರನ್ನು ಮೊದಲು ಕರೆದರು. ಹೊರಗೆ ಬಂದಾಗ ಅವರ ಮುಖ ಬೆವರಿತ್ತು. ಒಂದು ಹಲ್ಲು ಮುರಿದು ಚೂಪಾಗಿ ನಾಲಿಗೆಗೆ ಉಜ್ಜುತ್ತಿದೆಯಂತೆ. ಅದನ್ನು ತಿದ್ದಿದ್ದಾರೆ, ಎರಡು ವಾರ ನೋಡಿ, ಮಾಯದಿದ್ದರೆ ತುಣುಕು ತೆಗೆದು ಪರೀಕ್ಷೆ. ಅದನ್ನು ಹೇಳುತ್ತ ಹೇಳುತ್ತ ಅವರಿಗೆ ಸಂತೋಷಪಡಲು ನಾಚಿಕೆಯಾದಂತಿತ್ತು. ಸುಂದರಿಯಮ್ಮ ಅವರ ಬೆನ್ನು ತಟ್ಟಿ ಎದ್ದರು.

ದಯಾನಂದ ರಜೆ ಹಾಕಿ ಬಂದಿದ್ದ. ಬಂದವನು ಮೆಟ್ಟಿಲ ಹತ್ತಿರವೇ ನಿಂತಿದ್ದ, ಇಡೀ ಬೆಳಿಗ್ಗೆ. ಒಳಗೆ ರಮಿತಾ ಅತ್ತೆಯ ಕನ್ನಡಕ, ಪರ್ಸು, ನೀರಿನ ಬಾಟಲಿ ಹಿಡಿದು ಗೋಡೆಗೆ ಒತ್ತಿ ನಿಂತಳು. ಡಾಕ್ಟರು ಚಿಕ್ಕ ವಯಸ್ಸಿನವರು. ಲೈಟು ಹತ್ತಿಸಿ, “ಆಜೀ, ಮೋಠಾ ಆ ಕರಾ,” ಎಂದರು.

ಸುಂದರಿಯಮ್ಮ ಬಾಯಿ ತೆರೆಯಹೋಗಿ ಬಾಗಿಲ ಕಡೆ ನೋಡಿ ಮುಚ್ಚಿಕೊಂಡರು. ದಯಾನಂದ ಒಳಗೆ ಬಂದಿದ್ದ.

“ನೀನು ಹೊರಗೆ ಹೋಗು ದಯಾ.”

“ಇಲ್ಲ.”

“ರಮಿತಾ ಇದ್ದಾಳಲ್ಲ. ನಿನಗೆ ಬೇಡ ಇದು. ಹೋಗು ಮಗಾ.”

ಅವನು ಹೋಗಲಿಲ್ಲ. ಕುರ್ಚಿಯ ಪಕ್ಕಕ್ಕೆ ಬಂದು, ಅಮ್ಮನ ತಲೆಯ ಹಿಂದೆ ಒಂದು ಅಂಗೈ ಇಟ್ಟ. ಇನ್ನೊಂದು ಕೈಯಿಂದ ಗಲ್ಲ ಹಿಡಿದುಕೊಂಡ. ಹಿಡಿತದಲ್ಲಿ ಅನುಮಾನವಿರಲಿಲ್ಲ.

“ಬಾಯಿ ತೆರೆ ಅಮ್ಮ,” ಎಂದ. “ನಾನು ನೋಡ್ತೇನೆ.”

ಸುಂದರಿಯಮ್ಮ ಮಗನ ಮುಖವನ್ನೇ ನೋಡುತ್ತ ಬಾಯಿ ತೆರೆದರು. ಡಾಕ್ಟರು ಬಗ್ಗಿದರು, ದಯಾನಂದನೂ ಬಗ್ಗಿದ. ರಮಿತಾ ಇಷ್ಟು ವಾರ ಕಾಣಲು ಹಂಬಲಿಸಿದ ಜಾಗ ಈಗ ಬೆಳಕಿನಲ್ಲಿ ಎರಡು ಹೆಜ್ಜೆ ದೂರದಲ್ಲಿತ್ತು. ಅವಳು ಅದನ್ನು ನೋಡಲಿಲ್ಲ. ಗಂಡನ ಮುಖ ನೋಡಿದಳು. ಅದು ಒಮ್ಮೆ ಬಿಗಿಯಿತು, ಕಣ್ಣಿನ ಸುತ್ತ ರಕ್ತವೇ ಇಳಿದುಹೋದ ಹಾಗಾಯಿತು. ಆದರೆ ಅವನು ಬೇರೆ ಕಡೆ ತಿರುಗಲಿಲ್ಲ.

“ಇನ್ನೂ ಸ್ವಲ್ಪ ಅಗಲ, ಅಮ್ಮ,” ಎಂದ.